ಶಿಕಾಗೋದಿಂದ ಮಿಲ್ವಾಕಿಗೆ ಎಲೆಕ್ಟ್ರಾ ಗ್ಲೈಡ್ ಸವಾರಿ

ಶಿಕಾಗೋದಲ್ಲಿ ಹಾರ್ಲೆ-ಡೇವಿಡ್‌ಸನ್ ಕಂಪನಿಯ ದೂರ ಪ್ರಯಾಣದ ಬೈಕ್ ಎಲೆಕ್ಟ್ರಾ ಗ್ಲೈಡ್ ಬಾಡಿಗೆಗೆ ತಗೊಂಡು ಮಿಲ್ವಾಕಿಯಲ್ಲಿರುವ ಅದೇ ಕಂಪನಿಯ ಮ್ಯೂಸಿಯಂ ನೋಡಿ ಬರೋಣ ಅಂತ ಇದ್ದೀರಾ? ಹಾಗಾದರೆ ಹೋಗುವಾಗ ಐ-94 ಹೆದ್ದಾರಿ ಬೇಡ. ಬೇಗ ತಲುಪಬಹುದು, ಆದರೆ ಲಾರಿಗಳನ್ನು ಬಿಟ್ಟರೆ ನೋಡೋದಕ್ಕೆ ಏನೂ ಇಲ್ಲ. ಮಿಷಿಗನ್ ಸರೋವರದ ಪಕ್ಕದ ಶೆರಿಡನ್ ರಸ್ತೆ ಹಿಡಿಯಿರಿ. ಸಿಗ್ನಲ್ ಜಾಸ್ತಿ, ಹಾಗಾಗಿ ಅರ್ಧ ದಿನ ಇಟ್ಟುಕೊಳ್ಳಿ. ವಿಲ್ಮೆಟ್‌ನಲ್ಲಿ ಬಹಾಯಿ ಮಂದಿರದ ಬಿಳಿ ಗುಮ್ಮಟ ಸಿಗುತ್ತದೆ. ಗ್ಲೆಂಕೋ ಹತ್ತಿರ ರಸ್ತೆ ಮರಗಳ ನಡುವೆ ಕೊರಕಲಿಗೆ ಇಳಿದು ಸುತ್ತಿ ಮೇಲೇಳುತ್ತದೆ. ಇಡೀ ದಾರಿಯಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅದು. ವಿಸ್ಕಾನ್ಸಿನ್ ಗಡಿ ದಾಟಿದ ಮೇಲೆ ಹೈವೇ 32ರಲ್ಲಿ ಕೆನೋಶಾ, ರಸೀನ್ ಊರುಗಳ ಮೂಲಕ ಹೋಗಬೇಕು.

ಊರಲ್ಲಿ ಬುಲೆಟ್ ಓಡಿಸಿದವರೂ ಮೊದಲು ಖಾಲಿ ಪಾರ್ಕಿಂಗ್ ಜಾಗದಲ್ಲಿ ಒಂದಷ್ಟು ಸುತ್ತು ಹಾಕಿ. ಗಾಡಿ ಹತ್ತಿರಹತ್ತಿರ 400 ಕಿಲೋ, ರಿವರ್ಸ್ ಗೇರ್ ಇಲ್ಲ. ಇಳಿಜಾರಿಗೆ ಮುಂದಿನ ಚಕ್ರ ಮಾಡಿ ನಿಲ್ಲಿಸಿದರೆ ಹಿಂದಕ್ಕೆ ತಳ್ಳೋದು ಒಬ್ಬರ ಕೈಲಿ ಆಗುವ ಮಾತಲ್ಲ. ಎಡ ಇಂಡಿಕೇಟರ್ ಬಟನ್ ಎಡಗೈಗೆ, ಬಲದ್ದು ಬಲಗೈಗೆ. ಆಕ್ಸಿಲರೇಟರ್ ಹಿಡಿದುಕೊಂಡೇ ಬಲ ಹೆಬ್ಬೆರಳಲ್ಲಿ ಒತ್ತುವುದು ಅಭ್ಯಾಸ ಆಗಬೇಕು. ಮುಂದಿನ ಅಗಲ ಫೇರಿಂಗ್, ಅಂದರೆ ಗಾಳಿ ತಡೆಯುವ ಕವಚ, ಹ್ಯಾಂಡಲ್ ಜೊತೆಗೇ ತಿರುಗುತ್ತದೆ. ಸರೋವರದ ಕಡೆಯಿಂದ ಅಡ್ಡಗಾಳಿ ಬೀಸಿದರೆ ಕೈಗೇ ಗೊತ್ತಾಗುತ್ತದೆ. ಆಗ ಹ್ಯಾಂಡಲ್ ಬಿಗಿ ಹಿಡಿಯಬೇಡಿ. ಜೂನ್‌ನಲ್ಲೂ ಜಾಕೆಟ್ ಬೇಕು. ಶಿಕಾಗೋ ಇರುವ ಇಲಿನಾಯ್, ಮಿಲ್ವಾಕಿ ಇರುವ ವಿಸ್ಕಾನ್ಸಿನ್, ಈ ಎರಡು ರಾಜ್ಯಗಳಲ್ಲಿ ವಯಸ್ಕ ಲೈಸೆನ್ಸ್‌ದಾರರಿಗೆ ಹೆಲ್ಮೆಟ್ ಕಡ್ಡಾಯ ಇಲ್ಲ. ಆದರೂ ದಯವಿಟ್ಟು ಹಾಕಿಕೊಳ್ಳಿ.

ಮ್ಯೂಸಿಯಂ ಕೆನಾಲ್ ಸ್ಟ್ರೀಟ್‌ನಲ್ಲಿದೆ, 2008ರಲ್ಲಿ ಶುರುವಾಯಿತು. ಕಂಪನಿಯ ಅತಿ ಹಳೆಯ ಬೈಕ್ 'ಸೀರಿಯಲ್ ನಂಬರ್ ಒನ್' ಮುಂದೆ ಎಲ್ಲರೂ ನಿಲ್ಲುತ್ತಾರೆ. 1903ರಲ್ಲಿ ವಿಲಿಯಂ ಹಾರ್ಲೆ, ಆರ್ಥರ್ ಡೇವಿಡ್‌ಸನ್ ಕೆಲಸ ಶುರು ಮಾಡಿದ ಶೆಡ್ ಬರೀ 10 ಅಡಿಗೆ 15 ಅಡಿ. ಅಷ್ಟು ಜಾಗದಲ್ಲಿ ಹುಟ್ಟಿದ ಕಂಪನಿ ಇದು!

ಆದರೆ ದೂರ ಪ್ರಯಾಣದ ಬೈಕ್ ಇಷ್ಟಪಡುವವರು 'ಗ್ಲೈಡ್' ಬೈಕ್‌ಗಳನ್ನು ವರ್ಷದ ಕ್ರಮದಲ್ಲೇ ನೋಡಿ. 1949ರ ಹೈಡ್ರಾ ಗ್ಲೈಡ್‌ಗೆ ಮುಂದೆ ಕುಲುಕು ತಡೆಯುವ ಹೈಡ್ರಾಲಿಕ್ ಫೋರ್ಕ್ ಬಂತು. ಹಿಂದಿನ ಚಕ್ರಕ್ಕೆ ಮಾತ್ರ ಏನೂ ಇಲ್ಲ, ಸವಾರನ ಬೆನ್ನಿಗೆ ಸೀಟಿನ ಸ್ಪ್ರಿಂಗೇ ಗತಿ. 1958ರ ಡ್ಯುಯೋ ಗ್ಲೈಡ್‌ನಲ್ಲಿ ಹಿಂದೆಯೂ ಶಾಕ್ ಅಬ್ಸಾರ್ಬರ್ ಬಂತು. 1965ರಲ್ಲಿ ಎಲೆಕ್ಟ್ರಾ ಗ್ಲೈಡ್‌ಗೆ ಸೆಲ್ಫ್ ಸ್ಟಾರ್ಟ್. ಅಲ್ಲಿಯವರೆಗೆ 1200 ಸಿಸಿ ಎಂಜಿನ್ನನ್ನು ಚಳಿಯಲ್ಲೂ ಕಿಕ್ ಹೊಡೆದೇ ಎಬ್ಬಿಸಬೇಕಿತ್ತು. ನಾವು ಇವತ್ತು ಆರಾಮಾಗಿ ಕೂತು ಬರುವ ಒಂದೊಂದು ಸುಖಕ್ಕೂ ಹೀಗೆ ವರ್ಷಗಟ್ಟಲೆ ಕಾಯಬೇಕಾಯಿತು, ಅಲ್ವಾ? ಇದನ್ನೆಲ್ಲ ಕಣ್ಣಾರೆ ನೋಡಿದ ಮೇಲೆ ಈ ಬೈಕ್ ಮೇಲೆ ಗೌರವ ಇನ್ನೂ ಹೆಚ್ಚಾಯಿತು.

1969ರಲ್ಲಿ ಎಎಂಎಫ್ ಅನ್ನೋ ಬೇರೆ ಕಂಪನಿಯ ಕೈಗೆ ಹೋದ ಹಾರ್ಲೆ-ಡೇವಿಡ್‌ಸನ್ ಅನ್ನು 1981ರಲ್ಲಿ 13 ಅಧಿಕಾರಿಗಳು ಸೇರಿ ವಾಪಸ್ ಕೊಂಡರು. ಸ್ಥಾಪಕರ ಮೊಮ್ಮಗ ವಿಲ್ಲಿ ಜಿ. ಡೇವಿಡ್‌ಸನ್ ಅವರಲ್ಲೊಬ್ಬರು. ಜಪಾನಿನ 2011ರ ಸುನಾಮಿಯಲ್ಲಿ ಕೊಚ್ಚಿಹೋಗಿ, ಮರುವರ್ಷ ಕೆನಡಾದ ದಡದಲ್ಲಿ ಸಿಕ್ಕ ತುಕ್ಕು ಹಿಡಿದ ಬೈಕನ್ನೂ ನೋಡದೆ ಬರಬೇಡಿ. ರಿಪೇರಿ ಮಾಡದೆ, ಸಿಕ್ಕ ಹಾಗೇ ಇಟ್ಟಿದ್ದಾರೆ.

ಸಮಯ ಉಳಿದರೆ ಜೂನೋ ಅವೆನ್ಯೂಗೆ ಹೋಗಿ. ಕಂಪನಿಯ ಹಳೆಯ ಕೆಂಪು ಇಟ್ಟಿಗೆ ಕಟ್ಟಡ ಅಲ್ಲೇ ಇದೆ. 2024ರಿಂದ ಪಕ್ಕದಲ್ಲೇ ಡೇವಿಡ್‌ಸನ್ ಪಾರ್ಕ್ ಕೂಡ ಇದೆ. ಕತ್ತಲಾದ ಮೇಲೆ ವಾಪಸ್ ಹೊರಟರೆ ಮಾತ್ರ ಐ-94ಏ ವಾಸಿ. ಮರಗಳಿರುವ ರಸ್ತೆಗಳಿಗೆ ರಾತ್ರಿ ಜಿಂಕೆಗಳು ನುಗ್ಗುತ್ತವೆ.