ಟ್ಯಾಂಕ್ ಹೊತ್ತ ಹಡಗು, ನಾಪೋಕ್ಲಿನ ಮಾವ

"ಏನೋ ಅದು ನಿನ್ನ ಹಿಂದೆ? ಲಾರಿ ಗ್ಯಾರೇಜಾ?" ಅಂತ ಮಾವ ವಿಡಿಯೋ ಕಾಲ್‌ನಲ್ಲಿ ಕೇಳಿದರು. ಕೊಡಗಿನ ನಾಪೋಕ್ಲಿನಲ್ಲಿ ಕಕ್ಕಡದ, ಅಂದರೆ ಆಟಿ ತಿಂಗಳ ಮಳೆ. ಕರೆಂಟ್ ಇಲ್ಲ, ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು. ನಾನು ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನ ಸೌತ್‌ಸೀ ಕಡಲ ದಡದಲ್ಲಿ ಭಾನುವಾರದ ನಡಿಗೆಗೆ ಹೊರಟಿದ್ದೆ. ಹಿಂದೆ ದೊಡ್ಡ ಮಾಡಿನ ಕೆಳಗೆ ನಿಂತಿದ್ದು ಹಡಗು. ನೀರಿನಲ್ಲಲ್ಲ, ನೆಲದ ಮೇಲೆ.

ಮಾವ ಸೇನೆಯಲ್ಲಿ ಡ್ರೈವರ್ ಆಗಿದ್ದವರು. ಮಡಿಕೇರಿಯ ಸನ್ನಿಸೈಡ್‌ಗೆ, ಅಂದರೆ ಜನರಲ್ ತಿಮ್ಮಯ್ಯನವರ ಮನೆಗೆ ಹೋದರೂ ಅವರು ಮೊದಲು ನೋಡುವುದು ಅಲ್ಲಿಟ್ಟಿರುವ ಟ್ಯಾಂಕನ್ನೇ. ಹಾಗಾಗಿ ಈ ಹಡಗು ಟ್ಯಾಂಕ್ ಸಾಗಿಸುತ್ತಿತ್ತು ಅಂದಿದ್ದೇ ತಪ್ಪಾಯಿತು. ಮುಕ್ಕಾಲು ಗಂಟೆ ಬಿಡಲಿಲ್ಲ.

ಇದಕ್ಕೆ ಹೆಸರಿಲ್ಲ, ನಂಬರ್ ಅಷ್ಟೇ. ಎಲ್‌ಸಿಟಿ 7074. ಎಲ್‌ಸಿಟಿ ಅಂದರೆ ಲ್ಯಾಂಡಿಂಗ್ ಕ್ರಾಫ್ಟ್ ಟ್ಯಾಂಕ್, ಟ್ಯಾಂಕ್‌ಗಳನ್ನು ದಡಕ್ಕಿಳಿಸುವ ಹಡಗು. 1944ರಲ್ಲಿ ಟೈನ್ ನದಿ ದಡದ ಹೆಬ್‌ಬರ್ನ್‌ನಲ್ಲಿ ಕಟ್ಟಿದ್ದು. ಉದ್ದ ಸುಮಾರು 59 ಮೀಟರ್. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನ ನಾರ್ಮಂಡಿ ತೀರದ ಮೇಲೆ ನಡೆದ ಡಿ-ಡೇ ದಾಳಿಗೆ ಇಂಥವು 800ಕ್ಕೂ ಹೆಚ್ಚು ಹೋಗಿದ್ದವು. ಈಗ ಉಳಿದಿರುವುದು ಇದೊಂದೇ. ಜೂನ್ 7ರ ಬೆಳಗಿನ ಜಾವ 10 ಟ್ಯಾಂಕ್ ಹೊತ್ತು ಅಲ್ಲಿನ ಗೋಲ್ಡ್ ಬೀಚ್ ಮುಟ್ಟಿತು. ಸಬ್ ಲೆಫ್ಟಿನೆಂಟ್ ಜಾನ್ ಬ್ಯಾಗಟ್ ಎಂಬ ಅಧಿಕಾರಿ ಇದನ್ನು ನಡೆಸುತ್ತಿದ್ದರು.

ಮಾವನಿಗೆ ಇದೆಲ್ಲ ಬೇಕಿರಲಿಲ್ಲ. "ದಡಕ್ಕೆ ನುಗ್ಗಿಸೋದು ಸರಿ ಮಾರಾಯ, ವಾಪಸ್ ಬರೋದು ಹೇಗೆ?" ಅನ್ನುವುದೇ ಅವರ ಪ್ರಶ್ನೆ.

ಅಲ್ವಾ? ನಾನು ಎಷ್ಟು ಸಲ ಇದರ ಪಕ್ಕ ನಡೆದಿದ್ದೇನೆ, ಒಮ್ಮೆಯೂ ಹೊಳೆದಿರಲಿಲ್ಲ. ವಿವರ ಹುಡುಕಿ ಹೇಳಿದೆ. ಹಡಗಿನ ತಳ ಚಪ್ಪಟೆ, ಅದಕ್ಕೇ ಮರಳಿನವರೆಗೂ ಬರುತ್ತದೆ. ದಡ ಇನ್ನೂ ದೂರ ಇರುವಾಗಲೇ ಹಿಂಭಾಗದಿಂದ ಲಂಗರು ಬಿಡುತ್ತಾರೆ. ಮುಂದಿನ ಬಾಗಿಲು ಕೆಳಗಿಳಿಸುತ್ತಾರೆ, ಟ್ಯಾಂಕ್‌ಗಳು ಅದರ ಮೇಲೆ ಇಳಿದು ಹೋಗುತ್ತವೆ. ಭಾರ ಇಳಿದ ಮೇಲೆ ಆ ಲಂಗರಿನ ಹಗ್ಗವನ್ನು ವಿಂಚ್‌ನಿಂದ ಸುತ್ತುತ್ತಾ ಹಡಗು ತನ್ನನ್ನು ತಾನೇ ಹಿಂದಕ್ಕೆ ಎಳೆದುಕೊಳ್ಳುತ್ತದೆ.

ಮಾವ ಜೋರಾಗಿ ನಕ್ಕರು. "ನಮ್ಮ ಜೀಪೇ ಅಲ್ವೇನೋ!" ತೋಟದ ಕೆಸರಲ್ಲಿ ಜೀಪ್ ಹೂತಾಗ ಸಿಲ್ವರ್ ಮರಕ್ಕೆ ಹಗ್ಗ ಕಟ್ಟಿ ವಿಂಚ್ ತಿರುಗಿಸುತ್ತೇವಲ್ಲ, ಅದೇ. ಇವರು ಮರವನ್ನು ಮೊದಲೇ ಸಮುದ್ರದಲ್ಲಿ ನೆಟ್ಟು ಬರುತ್ತಾರೆ ಅಷ್ಟೇ. ಚಪ್ಪಟೆ ತಳದಿಂದ ಒಂದು ತೊಂದರೆಯೂ ಇತ್ತು. ಸಣ್ಣ ಅಲೆಗೂ ವಿಪರೀತ ಓಲಾಡುತ್ತಿತ್ತು, ಒಳಗಿದ್ದ ಸೈನಿಕರಿಗೆ ವಾಂತಿಯೋ ವಾಂತಿ. ಭಾಗಮಂಡಲದ ತಿರುವುಗಳಲ್ಲಿ ನನಗಾಗುತ್ತಿದ್ದುದನ್ನು ಮಾವ ತಕ್ಷಣ ನೆನಪಿಸಿದರು. ಬೇಕಿರಲಿಲ್ಲ.

ಯುದ್ಧ ಮುಗಿದ ಮೇಲಿನ ಕಥೆ ಇನ್ನೂ ವಿಚಿತ್ರ. 1948ರಲ್ಲಿ ಲಿವರ್‌ಪೂಲ್‌ನ ಹಡಗು ಕ್ಯಾಪ್ಟನ್‌ಗಳ ಕ್ಲಬ್ಬಿಗೆ ಕೊಟ್ಟರು. ಅವರು ಲ್ಯಾಂಡ್‌ಫಾಲ್ ಅಂತ ಹೆಸರಿಟ್ಟರು. ಮುಂದೆ ಅದೇ ನೈಟ್‌ಕ್ಲಬ್ ಆಯಿತು. ಟ್ಯಾಂಕ್ ನಿಂತಿದ್ದ ಜಾಗದಲ್ಲಿ ಡ್ಯಾನ್ಸ್! ಕೊನೆಗೆ ಬರ್ಕನ್‌ಹೆಡ್‌ನ ಒಂದು ಡಾಕ್‌ನಲ್ಲಿ ಹಾಗೇ ಬಿದ್ದಿದ್ದು, ಮುಳುಗಿಯೂ ಹೋಯಿತು. 2014ರ ಅಕ್ಟೋಬರ್‌ನಲ್ಲಿ ಮೇಲೆತ್ತಿ ಪೋರ್ಟ್ಸ್‌ಮತ್‌ಗೆ ತಂದರು. ವರ್ಷಗಟ್ಟಲೆ ರಿಪೇರಿ ಮಾಡಿ, 2020ರ ಆಗಸ್ಟ್‌ನಲ್ಲಿ ಇಲ್ಲಿನ ಡಿ-ಡೇ ಸ್ಟೋರಿ ಮ್ಯೂಸಿಯಂ ಪಕ್ಕಕ್ಕೆ ತಂದು ನಿಲ್ಲಿಸಿದರು. ಈಗ ಮೇಲೆ ಎರಡು ಟ್ಯಾಂಕ್ ಇವೆ, ಒಂದು ಶರ್ಮನ್, ಇನ್ನೊಂದು ಚರ್ಚಿಲ್.

ಡ್ಯಾನ್ಸಿನ ವಿಷಯ ಮಾವನಿಗೆ ಹಿಡಿಸಲಿಲ್ಲ. "ಗಾಡಿಯನ್ನ ಹಾಗೆಲ್ಲ ಇಡಬಾರದು" ಅಂದರು. ಅವರ ಹಳೇ ಜೀಪಿನಲ್ಲಿ ಕೋಳಿಗಳು ಮೊಟ್ಟೆ ಇಡುವುದನ್ನು ನಾನು ನೋಡಿದ್ದೇನೆ. ಸುಮ್ನಿದ್ದೆ.

ಆಮೇಲೆ ನೆಟ್‌ವರ್ಕ್ ಹೋಯಿತು. ರಾತ್ರಿ ಮೆಸೇಜ್ ಬಂದಿತ್ತು. ವಿಂಚ್‌ನ ಹತ್ತಿರದ ಫೋಟೋ ಬೇಕಂತೆ. ಹಗ್ಗ ಎಷ್ಟು ದಪ್ಪ, ಅದನ್ನೂ ನೋಡಿಕೊಂಡು ಬಾ ಅಂದಿದ್ದಾರೆ.