ಹಳೇ ವ್ಯಾಕ್ಯೂಮ್ ಕ್ಲೀನರ್: ಮೊದಲು ಗಾಳಿ, ಆಮೇಲೆ ಮೋಟಾರ್

ಬೆಂಗಳೂರಿನ ಎಷ್ಟೋ ಮನೆಗಳ ಅಟ್ಟದ ಮೇಲೆ ಒಂದು ವ್ಯಾಕ್ಯೂಮ್ ಕ್ಲೀನರ್ ಮಲಗಿರುತ್ತೆ. ಸೇಲ್ಸ್‌ನವರು ಮನೆಗೇ ಬಂದು ಡೆಮೊ ತೋರಿಸಿ ಮಾರಿದ ಕಾಲದ್ದು. ಮನೆ ಖಾಲಿ ಮಾಡುವಾಗ ಅದು ಗುಜರಿಗೆ ಹೋಗುತ್ತೆ, ಇಲ್ಲಾ ಸಂಡೇ ಬಜಾರಿನ ಫುಟ್‌ಪಾತಿಗೆ ಬಂದು ಕೂರುತ್ತೆ. "ಎಳೆಯಲ್ಲ ಸಾರ್, ಮೋಟಾರ್ ವೀಕ್" ಅನ್ನೋ ಮಾತನ್ನ ಸುಲಭಕ್ಕೆ ನಂಬಬೇಡಿ. ಮೋಟಾರ್ ಗಟ್ಟಿಯಾಗೇ ಇದ್ದು, ಗಾಳಿಯ ದಾರಿ ಮಾತ್ರ ಕಟ್ಟಿಕೊಂಡಿರೋದು ತೀರಾ ಸಾಮಾನ್ಯ.

ಕೊಳ್ಳೋ ಮುಂಚೆ ಮೂಗು, ಕಿವಿ ಎರಡನ್ನೂ ಬಳಸಿ. ಗಾಳಿ ಹೊರಬರೋ ಕಡೆ ಮೂಸಿದಾಗ ಬರೀ ಧೂಳಿನ ವಾಸನೆ ಇದ್ದರೆ ಚಿಂತೆಯಿಲ್ಲ. ವಾರ್ನಿಶ್ ಸುಟ್ಟ ಘಾಟು ಬಂದರೆ ವೈಂಡಿಂಗ್ (ಮೋಟಾರಿನ ತಂತಿ ಸುರುಳಿ) ಹೋಗಿದೆ, ಅಲ್ಲೇ ಬಿಟ್ಟು ಬನ್ನಿ. ಆನ್ ಮಾಡಿ ಆಫ್ ಮಾಡಿ, ನಿಲ್ಲೋವರೆಗೂ ಕೇಳಿಸಿಕೊಳ್ಳಿ. ಸದ್ದು ನಯವಾಗಿ ಇಳಿಯುತ್ತಾ ಹೋದರೆ ಬೇರಿಂಗ್ ಸರಿಯಿದೆ. ಕೊನೆಯಲ್ಲಿ ಗರಗರ ಅಂದು ತಟ್ಟನೆ ನಿಂತರೆ ಬೇರಿಂಗ್ ಹಾಕಿಸಬೇಕು. ಒಣ ಧೂಳಿಗೆ ಮಾಡಿದ ಮಷಿನ್‌ನಲ್ಲಿ ಯಾರೋ ನೀರು ಎಳೆಸಿದ್ದರೆ ಒಳಗಿನ ಸ್ಕ್ರೂಗಳು ತುಕ್ಕು ಹಿಡಿದಿರುತ್ತವೆ. ಅದೂ ಬೇಡ.

ಜನ ತಪ್ಪು ತಿಳಿಯೋದು ಇಲ್ಲೇ: ಪೈಪ್ ಕಟ್ಟಿಕೊಂಡಾಗ ಮೋಟಾರಿನ ಸದ್ದು ಕಿರುಚಲಾಗುತ್ತೆ, ಅದನ್ನ ಕೇಳಿ "ಪವರ್ ಜೋರಾಗಿದೆ" ಅಂದುಕೊಳ್ಳುತ್ತಾರೆ. ಆಗೋದು ಬೇರೆ. ಗಾಳಿ ಸಾಗದಿದ್ದಾಗ ಅದನ್ನ ಎಳೆಯೋ ಒಳಗಿನ ಫ್ಯಾನಿಗೆ ಹೊರೆ ಕಡಿಮೆ, ಹಾಗಾಗಿ ಸ್ಪೀಡ್ ಏರುತ್ತೆ. ಮನೆಬಳಕೆಯ ಬಹುತೇಕ ಮಷಿನ್‌ಗಳಲ್ಲಿ ಎಳೆದ ಗಾಳಿಯೇ ಮೋಟಾರನ್ನ ತಣ್ಣಗಿಡೋದರಿಂದ, ಅದು ನಿಂತರೆ ಬಿಸಿ ಏರಿ ಥರ್ಮಲ್ ಕಟ್‌ಔಟ್ (ಬಿಸಿ ಮಿತಿಮೀರಿದರೆ ಕರೆಂಟ್ ಕಡಿಯೋ ಸ್ವಿಚ್) ಬೀಳುತ್ತೆ. ಹತ್ತು ನಿಮಿಷ ಓಡಿ ತಾನಾಗೇ ನಿಂತು, ಅರ್ಧ ಗಂಟೆ ಬಿಟ್ಟು ಮತ್ತೆ ಓಡೋ ಮಷಿನ್ ಸಿಕ್ಕರೆ ಮೊದಲು ಈ ದಾರಿಯನ್ನೇ ನೋಡಿ.

ಬಿಚ್ಚೋ ಕೆಲಸ ಟೆರೇಸಿನಲ್ಲಿ, ಎನ್95 ಮಾಸ್ಕ್ ಹಾಕಿಕೊಂಡೇ. ಪ್ಲಗ್ ಕಿತ್ತಿರಬೇಕು ಅಂತ ಬೇರೆ ಹೇಳಬೇಕಿಲ್ಲ. ಪೈಪಿನ ಒಂದು ತುದಿಯಿಂದ ಗೋಲಿ ಬಿಡಿ, ಇನ್ನೊಂದು ತುದಿಗೆ ಸಲೀಸಾಗಿ ಬರಬೇಕು. ಮಧ್ಯೆ ನಿಂತರೆ ಅಲ್ಲಿ ಕೂದಲ ಉಂಡೆಗೆ ಹೇರ್‌ಪಿನ್ನೋ ಪೊರಕೆ ಕಡ್ಡಿಯೋ ಅಡ್ಡ ಸಿಕ್ಕಿರುತ್ತೆ. ಪೈಪ್ ಹರಿಯೋದು ಹಿಡಿಯ ಹತ್ತಿರದ ಬಾಗಿನಲ್ಲಿ. ಟೇಪ್ ಸುತ್ತಬೇಡಿ, ವಾರದಲ್ಲಿ ಬಿಚ್ಚಿಕೊಳ್ಳುತ್ತೆ. ಹರಿದ ನಾಲ್ಕೈದು ಸೆಂಟಿಮೀಟರ್ ಕತ್ತರಿಸಿ ತೆಗೆದು, ಪೈಪಿನ ಸುರುಳಿಯನ್ನೇ ಥ್ರೆಡ್ ಮಾಡಿಕೊಂಡು ಹಿಡಿಯೊಳಕ್ಕೆ ತಿರುಗಿಸಿ. ಬಹಳ ಪೈಪುಗಳಲ್ಲಿ ಇದು ಉಲ್ಟಾ ಥ್ರೆಡ್. ಬಲಕ್ಕೆ ಕೂರದಿದ್ದರೆ ಎಡಕ್ಕೆ ತಿರುಗಿಸಿ ನೋಡಿ.

ಮುಚ್ಚಳದ ರಬ್ಬರಿಗೆ ಫ್ರಿಜ್ ಬಾಗಿಲಿನ ಪರೀಕ್ಷೆಯೇ ಸಾಕು: ನ್ಯೂಸ್‌ಪೇಪರಿನ ಪಟ್ಟಿ ಇಟ್ಟು ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಗಾಳಿ ಸೋರುತ್ತಿದೆ. ಕಿಟಕಿಗೆ ಅಂಟಿಸೋ ಫೋಮ್ ಟೇಪ್ ಆ ಜಾಗಕ್ಕೆ ಒಗ್ಗುತ್ತೆ. ಮೋಟಾರಿನ ಮುಂದಿನ ಸ್ಪಂಜ್ ಫಿಲ್ಟರನ್ನ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ, ಮಳೆಗಾಲವಾದರೆ ಎರಡು ದಿನ. ಒದ್ದೆ ಸ್ಪಂಜ್ ಹಾಕಿದರೆ ನೀರಿನ ಕಣ ನೇರವಾಗಿ ಮೋಟಾರಿಗೆ ಹೋಗುತ್ತೆ. ಮುಟ್ಟಿದರೆ ಪುಡಿಯಾಗೋ ಸ್ಪಂಜನ್ನ ತೊಳೆಯೋಕೂ ಹೋಗಬೇಡಿ, ಹೊಸದು ಕತ್ತರಿಸಿ ಹಾಕಿ. ಬಟ್ಟೆ ಬ್ಯಾಗನ್ನ ಒಳಗು ಹೊರಗು ಮಾಡಿ ಗೋಡೆಗೆ ಬಡಿದರೆ ಸಾಕು.

ಇಷ್ಟಾದ ಮೇಲೂ ಎಳೆತ ಬರದಿದ್ದರೆ ಅಥವಾ ಸದ್ದು ಒರಟಾಗಿದ್ದರೆ ಮಾತ್ರ ಮೋಟಾರಿಗೆ ಕೈ ಹಾಕಿ. ವೈರು, ಕಾರ್ಬನ್ ಬ್ರಷ್ (ತಿರುಗೋ ಭಾಗಕ್ಕೆ ಕರೆಂಟ್ ದಾಟಿಸೋ ಕಪ್ಪು ತುಂಡುಗಳು) ಇದ್ದ ಜಾಗಗಳ ಫೋಟೊ ತೆಗೆದಿಟ್ಟುಕೊಳ್ಳಿ. ಕಾರ್ಬನ್ ಬ್ರಷ್ 10 ಮಿಲಿಮೀಟರಿಗಿಂತ ಕಡಿಮೆ ಉಳಿದಿದ್ದರೆ ಎರಡನ್ನೂ ಒಟ್ಟಿಗೇ ಬದಲಾಯಿಸಿ. ಹಳೆಯದನ್ನ ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಅಗಲ, ದಪ್ಪ ಎರಡೂ ಹೊಂದಬೇಕು. ಮಿಕ್ಸಿ ಕಾರ್ಬನ್ ಉಜ್ಜಿ ಕೂರಿಸೋ ಜುಗಾಡ್ ಬೇಡ: ಗ್ರೇಡ್ ಬೇರೆ, ಸ್ಪ್ರಿಂಗ್ ಒತ್ತಡ ಬೇರೆ, ಕಮ್ಯುಟೇಟರನ್ನ (ಕಾರ್ಬನ್ ಉಜ್ಜಿಕೊಂಡು ತಿರುಗೋ ತಾಮ್ರದ ಪಟ್ಟಿಗಳ ಉರುಳೆ) ತಿಂದು ಹಾಕುತ್ತೆ.

ಕಮ್ಯುಟೇಟರ್ ಚಾಕೊಲೇಟ್ ಬಣ್ಣಕ್ಕಿದ್ದು ನುಣುಪಾಗಿದ್ದರೆ ಮುಟ್ಟಬೇಡಿ, ಅದು ಇರಬೇಕಾದ ಬಣ್ಣವೇ. ಕಪ್ಪು ಮಸಿ ಹಿಡಿದಿದ್ದರೆ 400 ನಂಬರಿನ ಸ್ಯಾಂಡ್‌ಪೇಪರ್ ಪಟ್ಟಿಯನ್ನ ಹಗುರಾಗಿ ಹಿಡಿದು ಶಾಫ್ಟ್ ತಿರುಗಿಸಿ. ಎಮರಿ ಪೇಪರ್ ಬಳಸಬೇಡಿ. ಆಮೇಲೆ ತಾಮ್ರದ ಪಟ್ಟಿಗಳ ನಡುವಿನ ಗೆರೆಗಳಲ್ಲಿ ಕೂತ ಪುಡಿಯನ್ನ ಟೂತ್‌ಪಿಕ್‌ನಿಂದ ಒಂದೊಂದಾಗಿ ಕೆರೆದು ತೆಗೆಯಿರಿ. ಬೇಜಾರಿನ ಕೆಲಸ, ಆದರೆ ಬಿಟ್ಟರೆ ಪಟ್ಟಿಯಿಂದ ಪಟ್ಟಿಗೆ ಕಿಡಿ ಹಾರುತ್ತೆ. ಅಕ್ಕಪಕ್ಕದ ಪಟ್ಟಿಗಳ ಮಧ್ಯೆ ಮಲ್ಟಿಮೀಟರ್ ಇಟ್ಟು ಸುತ್ತಲೂ ನೋಡಿ. ಓಮ್ ಎಲ್ಲಾ ಕಡೆ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಕಡೆ ಎದ್ದು ಕಾಣುವಂತೆ ಬೇರೆ ಬಂದರೆ ಆರ್ಮೇಚರ್ (ತಂತಿ ಸುತ್ತಿದ ತಿರುಗೋ ಭಾಗ) ಹೋಗಿದೆ, ಮುಂದಿನ ಖರ್ಚು ದಂಡ.

ಬೇರಿಂಗ್ ಬದಲಾಯಿಸಬೇಕಾದರೆ ಫ್ಯಾನಿನ ತಗಡಿನ ಮುಚ್ಚಳ ತೆಗೆಯಬೇಕು. ಅದನ್ನ ಒತ್ತಿ ಕೂರಿಸಿರುತ್ತಾರೆ. ಮಾರ್ಕರಿನಲ್ಲಿ ಗುರುತು ಹಾಕಿ, ಸುತ್ತಲೂ ಏಳೆಂಟು ಕಡೆ ಸ್ವಲ್ಪಸ್ವಲ್ಪವೇ ಎಬ್ಬಿಸಿ. ಒಂದೇ ಕಡೆ ಎತ್ತಿದರೆ ಸೊಟ್ಟಗಾಗುತ್ತೆ. ಅಲ್ಯೂಮಿನಿಯಂ ಫ್ಯಾನಿನ ರೆಕ್ಕೆ ಒಂದು ಬಾಗಿದರೂ ಬ್ಯಾಲೆನ್ಸ್ ತಪ್ಪುತ್ತೆ, ನಿಮಿಷಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗೋ ವಸ್ತುವಿನಲ್ಲಿ ಅದು ಆಗಬಾರದು. ಫ್ಯಾನ್ ಹಿಡಿದಿರೋ ನಟ್ ಕೆಲವದರಲ್ಲಿ ಉಲ್ಟಾ ಥ್ರೆಡ್ ಇರುತ್ತೆ, ಬಲ ಹಾಕೋ ಮುಂಚೆ ಥ್ರೆಡ್ ಯಾವ ಕಡೆಗೆ ವಾಲಿದೆ ನೋಡಿ. ಬೇರಿಂಗಿನ ನಂಬರ್ ಅದರ ಮೇಲೇ ಕೊರೆದಿರುತ್ತೆ. 608 ಅಂದರೆ ಒಳ ವ್ಯಾಸ 8, ಹೊರ ವ್ಯಾಸ 22, ದಪ್ಪ 7 ಮಿಲಿಮೀಟರ್. ಬೆಂಗಳೂರಿನ ಎಸ್‌ಜೆಪಿ ರೋಡಿನಲ್ಲಿ ಸಿಗುತ್ತೆ, ಒಳ್ಳೆ ಕಂಪನಿಯದ್ದೇ ಕೇಳಿ. ಹಳೆಯದನ್ನ ಪುಲ್ಲರ್‌ನಲ್ಲಿ ಎಳೆಯಿರಿ. ಹೊಸದನ್ನ ಶಾಫ್ಟಿಗೆ ಕೂರಿಸುವಾಗ ಒಳಗಿನ ರಿಂಗಿನ ಮೇಲೆ ಮಾತ್ರ ಒತ್ತಡ ಬೀಳಬೇಕು, ಅದೇ ಅಳತೆಯ ಪೈಪ್ ತುಂಡಿಟ್ಟು ತಟ್ಟಿ. ಹೊರಗಿನ ರಿಂಗಿಗೆ ಹೊಡೆದರೆ ಗುಂಡುಗಳ ದಾರಿಯಲ್ಲಿ ಕಚ್ಚು ಬಿದ್ದು ಹೊಸ ಬೇರಿಂಗೂ ಗರಗರ ಅನ್ನುತ್ತೆ.

ಜೋಡಿಸಿದ ಮೇಲೆ ನೇರ ಕರೆಂಟ್ ಕೊಡಬೇಡಿ. ಸೀರೀಸ್ ಬೋರ್ಡಿನಲ್ಲಿ (ಬಲ್ಬಿನ ಮೂಲಕವೇ ಮಷಿನ್‌ಗೆ ಕರೆಂಟ್ ಹೋಗೋ ಬೋರ್ಡ್) 200 ವಾಟಿನ ಹಳೇ ಕಾಲದ ಫಿಲಮೆಂಟ್ ಬಲ್ಬ್ ಹಾಕಿ ಹಚ್ಚಿ. ಬಲ್ಬ್ ಉರಿದು ಮೋಟಾರ್ ನಿಧಾನಕ್ಕೆ ತಿರುಗಿದರೆ ಸರಿ. ಉರಿದರೂ ತಿರುಗದಿದ್ದರೆ ಶಾರ್ಟ್ ಅಥವಾ ಜಾಮ್. ಉರಿಯದಿದ್ದರೆ ಎಲ್ಲೋ ಕಟ್ ಆಗಿದೆ, ಸ್ವಿಚ್ ಮತ್ತು ಕಟ್‌ಔಟ್ ನೋಡಿ. ಬಿಚ್ಚಿಟ್ಟ ಮೋಟಾರಿನಲ್ಲಿ ಕಮ್ಯುಟೇಟರಿಗೂ ಕರೆಂಟ್ ಇರುತ್ತೆ, ಬೋರ್ಡ್ ಆನ್ ಇದ್ದಾಗ ಕೈ ದೂರವಿರಲಿ. ಅಂಥ ಎರಡು ಬಲ್ಬ್ ಪ್ಯಾರಲಲ್ ಹಾಕಿ ಇಪ್ಪತ್ತು ನಿಮಿಷ ಓಡಿಸಿದರೆ ಹೊಸ ಕಾರ್ಬನ್ ಕಮ್ಯುಟೇಟರಿನ ಗುಂಡಗಿನ ಆಕಾರಕ್ಕೆ ಸವೆದು ಕೂರೋಕೆ ಶುರುವಾಗುತ್ತೆ. ಫುಲ್ ಸ್ಪೀಡಿನಲ್ಲಿ ಬ್ರಷ್ ಕೆಳಗೆ ಸಣ್ಣ ನೀಲಿ ಕಿಡಿ ಸಹಜ. ಸುತ್ತಲೂ ಬಳೆ ಥರ ಬೆಂಕಿ ಕಂಡರೆ ತಕ್ಷಣ ಆಫ್ ಮಾಡಿ.

ವೈರ್ ಸುತ್ತೋ ರೀಲಿನ ಡಬ್ಬಿ ಮಾತ್ರ ಬಿಚ್ಚಬೇಡಿ, ಒಳಗಿನ ಉಕ್ಕಿನ ಸ್ಪ್ರಿಂಗ್ ಚಿಮ್ಮಿದರೆ ಕೈ ಕುಯ್ಯುತ್ತೆ. 1400 ವಾಟ್ ಅಂದರೆ 230 ವೋಲ್ಟಿಗೆ 6 ಆಂಪಿಯರ್ ದಾಟುತ್ತೆ, ಆದ್ದರಿಂದ 6 ಆಂಪಿಯರಿನ ಚಿಕ್ಕ ಸಾಕೆಟ್ ಬಿಟ್ಟು 16 ಆಂಪಿಯರಿನ ಪವರ್ ಪಾಯಿಂಟಿಗೇ ಕೊಡಿ. ಕಪ್ಪಾದ, ಕರಗಿದ ಪ್ಲಗ್ಗಿದ್ದರೆ ಬದಲಾಯಿಸಿ.

ರೆಡಿಯಾದ ಮಷಿನ್‌ನಿಂದ ಸೋಫಾ, ಹಾಸಿಗೆ, ಕಿಟಕಿಯ ಮೆಶ್, ಕಾರು ಎಲ್ಲಾ ಮಾಡಿ. ಪೇಂಟಿಂಗ್ ಮುಗಿದ ಮನೆಯ ಪುಟ್ಟಿ ಪುಡಿ, ಪಕ್ಕದ ಸೈಟಿನ ಸಿಮೆಂಟ್ ಧೂಳಿಗೆ ಮಾತ್ರ ಹಚ್ಚಬೇಡಿ. ಅಷ್ಟು ನುಣ್ಣನೆಯ ಪುಡಿ ಬ್ಯಾಗಿನ ರಂಧ್ರಗಳನ್ನ ನಿಮಿಷಗಳಲ್ಲಿ ಮುಚ್ಚುತ್ತೆ, ನುಸುಳಿದ್ದು ಬೇರಿಂಗಿನ ಗ್ರೀಸಿಗೆ ಸೇರುತ್ತೆ. ಅದಕ್ಕೆ ಒದ್ದೆ ಬಟ್ಟೆಯೇ ಸರಿ.