ಸ್ಕ್ಯಾನ್ ನಾರ್ಮಲ್, ನೋವು ಮಾತ್ರ ಇದೆ

ವಾರ್ಡ್‌ನಲ್ಲಿ ನರ್ಸ್ ಕೆಲಸ ಅಂದಮೇಲೆ ಕೂರೋಕೆ ಪುರುಸೊತ್ತಿರಲ್ಲ. ರೋಗಿಯ ಮಗ್ಗುಲು ಬದಲಿಸೋಕೆ ಬಗ್ಗಿದಾಗ ಕೆಳಹೊಟ್ಟೆಯ ಆಳದಲ್ಲಿ ಯಾರೋ ಮುಷ್ಟಿ ಕಟ್ಟಿ ಹಿಂಡಿದ ಹಾಗಾಗುತ್ತೆ. ಒಂದು ಕೈಯಲ್ಲಿ ಮಂಚದ ಕಂಬಿ ಹಿಡಿದು, ಅದು ಇಳಿಯೋವರೆಗೂ ರೋಗಿಯ ಜೊತೆ ಮಾತಾಡ್ತಾ ನಿಲ್ತೀನಿ.

"ಸ್ಕ್ಯಾನ್ ನಾರ್ಮಲ್ ಇದೆಯಲ್ಲಮ್ಮ" ಅಂತಾರೆ ಡಾಕ್ಟರು. ಆದರೆ ಇಂಥ ನೋವಿಗೆ ಕಾರಣವಾಗಬಹುದಾದ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯೋ ಕಾಯಿಲೆ) ಎಷ್ಟೋ ಸಲ ಅಲ್ಟ್ರಾಸೌಂಡ್‌ನಲ್ಲಿ ಕಾಣೋದೇ ಇಲ್ಲ. ಕೆಳಹೊಟ್ಟೆಯ ಈ ನೋವು 6 ತಿಂಗಳು ದಾಟಿದರೆ ಅದನ್ನು ದೀರ್ಘಕಾಲದ್ದು ಅಂತ ಪರಿಗಣಿಸ್ತಾರೆ; ಅಷ್ಟರಲ್ಲಿ ಕೆಲವರಿಗೆ ನರಗಳೇ ಅತಿಸೂಕ್ಷ್ಮ ಆಗಿರುತ್ತವೆ, ಕೆಳಹೊಟ್ಟೆಯ ತಳದ ಸ್ನಾಯುಗಳು ಬಿಗಿದುಕೊಂಡಿರುತ್ತವೆ. ಗಂಡಸರಿಗೂ ಬರುತ್ತೆ ಈ ದೀರ್ಘಕಾಲದ ನೋವು, ಅವರಂತೂ ಬಾಯೇ ಬಿಡಲ್ಲ.

ನನಗೆ ನಿಜಕ್ಕೂ ಆಸರೆಯಾಗಿದ್ದು ಫಿಸಿಯೋಥೆರಪಿ. ಆ ಸ್ನಾಯುಗಳನ್ನು ಬಿಗಿ ಮಾಡೋದಲ್ಲ, ಸಡಿಲ ಬಿಡೋದನ್ನು ಕಲಿಸಿದರು. ಈಗ ಭಾರ ಎತ್ತುವಾಗ ಉಸಿರು ಕಟ್ಟಲ್ಲ, ಹೊರಗೆ ಬಿಡ್ತೀನಿ. ಎಷ್ಟೇ ಗಡಿಬಿಡಿ ಇದ್ದರೂ ಮೂತ್ರ ತಡೆದುಕೊಳ್ಳಲ್ಲ.

ಇನ್‌ಚಾರ್ಜ್ ಹತ್ತಿರ ಹೋಗಿ, "ಸಿಸ್ಟರ್, ರೋಗಿಗಳನ್ನು ಎತ್ತುವಾಗ ಇನ್ನೊಬ್ಬರನ್ನು ಜೊತೆಗೆ ಕೊಡಿ" ಅಂತ ಕೇಳಿದೆ. ಮರುಮಾತಾಡದೆ ಒಪ್ಪಿದರು. ಕಣ್ಣು ತುಂಬಿ ಬಂತು.

ಇದೇ ನೋವಲ್ಲಿ ನಿಂತು ದುಡಿಯುವವರು ಇದ್ದರೆ ಮೆಸೇಜ್ ಮಾಡಿ. ರಾತ್ರಿ ಪಾಳಿ ಹೇಗೆ ನಿಭಾಯಿಸ್ತೀರಿ ಅಂತ ಕೇಳೋದಿದೆ.